ಅವ್ವನ ಓರೆ ಚುಕ್ಕಿ

ನಮ್ಮವ್ವನ ಮುಖದ ಮೇಲೆ ಒಂದು ಹಚ್ಚೆಯ ಚುಕ್ಕಿ ಇತ್ತು. ಹಚ್ಚೆ ಅಂದರೆ ಗಲ್ಲದ ಮೇಲೋ ಕೆನ್ನೆಯ ನಡುವೆಯೋ ದುಂಡಗೆ ಕೂತು, ನೋಡಿದವರು ಲಕ್ಷಣವಾಗಿದೆ ಅನ್ನಬೇಕು. ಅವ್ವನದು ಹಾಗಿರಲಿಲ್ಲ. ಮೂಗಿನ ಎಡಮಗ್ಗುಲಲ್ಲಿ, ಮೂಗು ಮುಗಿದು ಕೆನ್ನೆ ಶುರುವಾಗುವ ಸಂದಿಯಲ್ಲಿ, ಯಾರೋ ಪೆನ್ನು ಕೊಡವಿದಾಗ ಸಿಡಿದ ಮಸಿಯಂತೆ ಓರೆಯಾಗಿ ಕೂತಿತ್ತು. ಅದರ ಬಣ್ಣ ಮಾಸಿ ಹಸಿರಾಗಿತ್ತೇ ಹೊರತು ಅದು ಹೋಗಿರಲಿಲ್ಲ.

ಅವ್ವನ ತವರು ಆಲೂರಿನ ಮಗ್ಗುಲ ಹಳ್ಳಿ. ಅವಳು ಲಂಗ ಉಡುವ ಹುಡುಗಿಯಾಗಿದ್ದಾಗ ಹಚ್ಚೆ ಹುಯ್ಯುವ ಹೆಂಗಸೊಬ್ಬಳು ಸೂಜಿ, ಮಸಿ ಹಿಡಿದು ಮನೆಯ ಜಗಲಿಗೆ ಬಂದಳಂತೆ. ಅವ್ವನ ತಂಗಿ, ಅಂದರೆ ನನ್ನ ಚಿಕ್ಕಮ್ಮ, ಕಣ್ಣು ಮುಚ್ಚಿ ಅಲ್ಲಾಡದೆ ಕೂತು ಕೆನ್ನೆಯ ಮೇಲೆ ಚೆಂದದ ಚುಕ್ಕಿ ಹುಯ್ಯಿಸಿಕೊಂಡಳು. ಅವ್ವ ಮೊದಲ ಚುಚ್ಚಿಗೇ 'ಅಯ್ಯಪ್ಪೋ' ಅಂತ ತಲೆ ಒದರಿದಳು. ಸೂಜಿ ಕೆನ್ನೆ ಬಿಟ್ಟು ಮೂಗಿನ ಬುಡಕ್ಕೆ ಹೋಯಿತು. ಅಲ್ಲಿ ಇಳಿದ ಮಸಿಯನ್ನು ತೆಗೆಯುವ ಹಾಗಿಲ್ಲವಲ್ಲ, ಆ ಹೆಂಗಸು ಬಾಯಿಗೆ ಬಂದ ಹಾಗೆ ಬೈಯುತ್ತಾ ಅದನ್ನೇ ಒಂದು ಚುಕ್ಕಿ ಅನ್ನಿಸುವ ಹಾಗೆ ತಿದ್ದಿ, ಬುಟ್ಟಿ ಎತ್ತಿಕೊಂಡು ಹೋಗಿಬಿಟ್ಟಳಂತೆ.

ಅವತ್ತಿನಿಂದ ಆ ಚುಕ್ಕಿ ಅವ್ವನಿಗೆ ಅಂಟಿದ ಅವಮಾನವಾಯಿತು. ಮದುವೆಯಾಗಿ ಹೆತ್ತೂರು ಕಡೆಯ ನಮ್ಮ ಮನೆಗೆ ಬಂದ ಮಾರನೆಯ ದಿನವೇ ಅಪ್ಪ, "ಮುಖ ಸರ್ಯಾಗಿ ತೊಳ್ಕೊಂಡಿಲ್ವಾ? ಮೂಗಿನ ಪಕ್ಕ ಮಸಿ ಐತೆ" ಎಂದು ಪಂಚೆಯ ಚುಂಗಿನಿಂದ ಒರೆಸಲು ಹೋಗಿದ್ದನಂತೆ. ಈ ಕಥೆಯನ್ನು ಅಪ್ಪ ಬಂದ ನೆಂಟರಿಗೆಲ್ಲ ಹೇಳುವುದು, ಅವ್ವ ಅಡುಗೆಮನೆಯಿಂದಲೇ "ಸಾಕು ಸುಮ್ಕಿರಿ, ಇವ್ರ ಮುಖದಲ್ಲಿ ಏನೂ ಇಲ್ದೇ ಇರೋರ ಥರ" ಎಂದು ಗದರುವುದು ನಮ್ಮ ಮನೆಯಲ್ಲಿ ನಡೆದುಕೊಂಡು ಬಂದ ಆಟವಾಗಿತ್ತು. ಫೋಟೋಗೆ ನಿಂತಾಗಲೆಲ್ಲ ಅವ್ವ ಎಡಗೆನ್ನೆ ಮರೆಸಿಕೊಂಡು ನಿಲ್ಲುತ್ತಿದ್ದಳು. ನನ್ನ ಮದುವೆಯ ಆಲ್ಬಮ್ಮಿನಲ್ಲೂ ಅವಳು ಯಾರನ್ನೋ ಕರೆಯುತ್ತಿರುವ ಹಾಗೆ ಪಕ್ಕಕ್ಕೆ ತಿರುಗಿಯೇ ಇದ್ದಾಳೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಆ ಚುಕ್ಕಿಗೂ ಕಣ್ಣಿಗೂ ನಡುವೆ ಒಂದು ಗಂಟು ಎದ್ದಿತು. ಮೊದಲು ಮೊಡವೆಯಷ್ಟಿತ್ತು, ಆಮೇಲೆ ಮೆಣಸಿನ ಕಾಳಿನಷ್ಟಾಯಿತು. ಕಪ್ಪಗೆ, ಅಂಚಿನಲ್ಲಿ ಹೊಳಪು. ಮುಖ ಒರೆಸಿದಾಗ ಟವೆಲಿಗೆ ರಕ್ತದ ಬೊಟ್ಟು. ಒಣಗಿ ಹಕ್ಕಳೆ ಕಟ್ಟುವುದು, ಅವ್ವ ಸುಮ್ಮನಿರದೆ ಅದನ್ನು ಕೆರೆಯುವುದು, ಮತ್ತೆ ರಕ್ತ. ಕಾಫಿ ಕೊಯ್ಯುವಾಗ ಕಡ್ಡಿ ತಾಗಿರಬೇಕು ಅಂದ ಅಪ್ಪ. ಅರಿಶಿನ ಹಚ್ಚಿದ್ದಾಯಿತು, ಇನ್ನೇನೇನೋ ಹಚ್ಚಿದ್ದಾಯಿತು. ನಾನು ಮದುವೆಯಾಗಿ ಆಲೂರಿನಲ್ಲಿದ್ದೆ, ಪ್ರೈಮರಿ ಶಾಲೆಯಲ್ಲಿ ಟೀಚರ್. ಭಾನುವಾರ ಊರಿಗೆ ಹೋದಾಗಲೆಲ್ಲ ಡಾಕ್ಟರಿಗೆ ತೋರಿಸು ಅಂತ ಜಗಳವಾಡಿ ಬರುತ್ತಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ. ಅದು ನನಗೂ ಗೊತ್ತು, ಊರಿಗೂ ಗೊತ್ತು.

ಕೊನೆಗೂ ಒಬ್ಬ ಡಾಕ್ಟರು ಅದನ್ನು ಕೆತ್ತಿ ತೆಗೆದರು. ಗಾಯ ಮಾಯಿತು, ನಾವೂ ಮರೆತೆವು. ಮುಂದಿನ ಕೊಯ್ಲು ಮುಗಿಯುವ ಹೊತ್ತಿಗೆ ಅದೇ ಜಾಗದಲ್ಲಿ ಇನ್ನೂ ಅಗಲವಾಗಿ ಎದ್ದು ಬಂತು. ಈ ಸಲ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಚರ್ಮದ ಕ್ಯಾನ್ಸರ್ ಅಂತ ಬಂತು. ಜೀವ ತೆಗೆಯುವ ಜಾತಿಯದಲ್ಲ, ಆದರೆ ಇದ್ದಲ್ಲೇ ಚರ್ಮದಡಿ ಬೇರು ಬಿಟ್ಟು ತಿನ್ನುತ್ತಾ ಹೋಗುತ್ತದೆ, ಬೇರು ಎಲ್ಲಿಗೆ ಹೋಗಿದೆಯೆಂದು ಮೇಲಿನಿಂದ ಕಾಣುವುದಿಲ್ಲ, ಆದ್ದರಿಂದ ಸುತ್ತ ಅಗಲವಾಗಿ ತೆಗೆಯಬೇಕು ಅಂದರು. ಅಗಲ ಅಂದರೆ ಎಷ್ಟು ಅಂತ ಕೇಳಿದೆ. ಕಣ್ಣಿನ ಮೂಲೆ, ರೆಪ್ಪೆಯ ಒಂದು ಭಾಗ ಹೋಗಬಹುದು, ಆಮೇಲೆ ಕಣ್ಣು ಪೂರ್ತಿ ಮುಚ್ಚದೇ ಇರಬಹುದು, ಮುಚ್ಚದ ಕಣ್ಣು ಒಣಗಿ ದೃಷ್ಟಿಗೂ ತೊಂದರೆಯಾಗಬಹುದು ಅಂದರು.

ಅವ್ವ ಕ್ಯಾನ್ಸರ್ ಅನ್ನುವ ಮಾತಿಗೆ ಹೆದರಲಿಲ್ಲ, ಈ ಮಾತಿಗೆ ಹೆದರಿದಳು. ಕಾರಣವಿತ್ತು. ಸಕ್ಕರೆ ಕಾಯಿಲೆಯಿಂದ ಅಪ್ಪನ ಎರಡೂ ಕಣ್ಣು ಅಷ್ಟು ಹೊತ್ತಿಗೆ ಮಂಜಾಗಿಹೋಗಿದ್ದವು. ತೋಟವನ್ನು ತಮ್ಮ ನೋಡಿಕೊಳ್ಳುತ್ತಿದ್ದ, ಆದರೆ ಅಪ್ಪನನ್ನು ನೋಡಿಕೊಳ್ಳುವುದು ಅವ್ವ ಒಬ್ಬಳೇ. ಅಪ್ಪನಿಗೆ ಇನ್ಸುಲಿನ್ ಸೂಜಿಯ ಗೆರೆ ನೋಡಿ ಚುಚ್ಚುವವಳು ಅವಳು, ತಟ್ಟೆಯಲ್ಲಿ ಎಲ್ಲಿ ಏನಿದೆ ಅಂತ ಹೇಳುವವಳು ಅವಳು, ಅಂಗಳಕ್ಕೆ ಬಂದವರು ಯಾರೆಂದು ಅವರು ಬಾಯಿ ಬಿಡುವ ಮೊದಲೇ ಅಪ್ಪನ ಕಿವಿಯಲ್ಲಿ ಉಸುರುವವಳು ಅವಳು. "ಮೂಗು ಬೇಕಾದ್ರೆ ಪೂರ್ತಿ ತೆಗ್ದುಬುಡ್ಲಿ ಕಣೆ. ಕಣ್ಣು ಮುಟ್ಟೋದು ಬ್ಯಾಡ. ಅವು ನನ್ನವು ಮಾತ್ರ ಅಲ್ಲ" ಅಂದಳು.

ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದಾರೆ, ಅವರು ಒಂದೇ ಸಲಕ್ಕೆ ಅಗಲವಾಗಿ ಕತ್ತರಿಸುವುದಿಲ್ಲ, ತೆಳ್ಳಗೆ ಒಂದು ಪದರ ತೆಗೆದು, ಆಗಲೇ ಮೈಕ್ರೋಸ್ಕೋಪಿನಲ್ಲಿ ನೋಡಿ, ಎಲ್ಲಿ ಬೇರು ಉಳಿದಿದೆಯೋ ಅಲ್ಲಿ ಮಾತ್ರ ಮತ್ತೆ ತೆಗೆಯುತ್ತಾರೆ ಎಂದು ನಮ್ಮ ಶಾಲೆಯ ಹೆಡ್ಮಾಸ್ಟರಿಗೆ ಯಾರೋ ಹೇಳಿದ್ದರು. ಅವ್ವನನ್ನು ಹೊರಡಿಸಿಕೊಂಡು ಘಟ್ಟ ಇಳಿಯುವ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವ್ವ ಕಿಟಕಿಗೆ ಎಡಗೆನ್ನೆ ತಿರುಗಿಸಿಕೊಂಡು ಕೂತಿದ್ದಳು.

ಡಾಕ್ಟರಮ್ಮ ಸಣಕಲು ಮೈಯವರು, ನನ್ನಷ್ಟೇ ವಯಸ್ಸು. ಮಂಗಳೂರು ಕಡೆಯ ಕ್ರಿಶ್ಚಿಯನ್ನರು. ಅವರ ತಂದೆ ಸಕಲೇಶಪುರದ ಹತ್ತಿರ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರಂತೆ, ಶಾಲೆಯ ರಜೆಯನ್ನೆಲ್ಲ ಅಲ್ಲೇ ಕಳೆದದ್ದಂತೆ. ಹೆತ್ತೂರು ಅಂದ ಕೂಡಲೆ ಅವರ ಮುಖ ಅರಳಿತು. "ಹೆತ್ತೂರಾ? ಅಲ್ಲಿಯ ಜಿಗಣೆಗೆ ನನ್ನ ರಕ್ತದ ರುಚಿ ಗೊತ್ತುಂಟು ಅಮ್ಮಾ" ಅಂದರು. ಅವ್ವ ನಕ್ಕಳು. ಬಹಳ ದಿನದ ಮೇಲೆ ಅವಳು ನಕ್ಕಿದ್ದು ನೋಡಿದೆ.

ಆದರೆ ಆ ಮೇಲೆ ಅವರು ಮಾಡಿದ್ದು ನೋಡಿ ನನಗೆ ಉರಿದುಹೋಯಿತು. ದೀಪದಡಿ ಅವ್ವನನ್ನು ಮಲಗಿಸಿ, ಒಂದು ಹಾಳೆಯ ಮೇಲೆ ಮುಖದ ಚಿತ್ರ ಬರೆಯಲು ಕೂತರು. ಗಂಟು ಬರೆದರು, ಸರಿ. ಆಮೇಲೆ ಮೂಗುಬೊಟ್ಟಿನ ತೂತು ಬರೆದರು. ಹುಬ್ಬಿನ ಹತ್ತಿರದ ಸಿಡುಬಿನ ಕಲೆ ಬರೆದರು. ಕೆನ್ನೆಯ ಮೇಲಿನ ಮಚ್ಚೆ ಬರೆದರು. ಭೂತಗನ್ನಡಿ ಹಿಡಿದು ಆ ದರಿದ್ರ ಚುಕ್ಕಿಯನ್ನೂ ಬಿಡದೆ, ಡ್ರಾಯರಿನಲ್ಲಿ ಹುಡುಕಿ ಹಸಿರು ಪೆನ್ನು ತೆಗೆದು ಅದನ್ನು ಹಸಿರಲ್ಲೇ ಇಟ್ಟರು. ಹೊರಗೆ ಜನ ಕಾಯುತ್ತಿದ್ದಾರೆ, ಒಳಗೆ ಇವರು ಚಿತ್ರಕಲೆ ಮಾಡುತ್ತಿದ್ದಾರೆ.

"ಡಾಕ್ಟ್ರೇ, ಕಾಯಿಲೆ ಇರೋದು ಆ ಗಂಟಿನಲ್ಲಿ. ಅದು ಹಚ್ಚೆ, ಚಿಕ್ಕಂದಿನಲ್ಲಿ ಹಾಕಿಸಿದ್ದು" ಅಂದೆ. ದನಿ ಸ್ವಲ್ಪ ಜೋರಾಗಿಯೇ ಇತ್ತು.

"ಇರಲಿ ಟೀಚರೇ. ಮುಖದಲ್ಲಿ ಎಂತ ಉಂಟೋ ಅದೆಲ್ಲ ಇದರಲ್ಲೂ ಇರಬೇಕು. ನಾಳೆ ಇದೇ ನನಗೆ ದಾರಿ" ಅಂದರು.

ಅವರ ಇನ್ನೊಂದು ಅಭ್ಯಾಸವೂ ನನಗೆ ಮೊದಲಿಗೆ ವಿಚಿತ್ರ ಅನ್ನಿಸಿತು. ಎಡ, ಬಲ ಅನ್ನುವ ಮಾತೇ ಅವರ ಬಾಯಲ್ಲಿಲ್ಲ. ಕಣ್ಣಿನ ಕಡೆ, ತುಟಿಯ ಕಡೆ, ಮೂಗಿನ ಕಡೆ, ಕಿವಿಯ ಕಡೆ. ಯಾವುದನ್ನೇ ಹೇಳಲಿ, ಪಕ್ಕದಲ್ಲಿ ನಿಂತ ನರ್ಸಿನ ಬಾಯಲ್ಲಿ ಅದನ್ನು ಇನ್ನೊಮ್ಮೆ ಹೇಳಿಸುತ್ತಿದ್ದರು. ನರ್ಸು ನನ್ನ ಒಂದನೇ ಕ್ಲಾಸಿನ ಮಕ್ಕಳ ಹಾಗೆ ಒಪ್ಪಿಸುತ್ತಿದ್ದಳು. ನಾನು ಕೇಳಿದ್ದಕ್ಕೆ ಡಾಕ್ಟರಮ್ಮ ಬಿಡಿಸಿ ಹೇಳಿದರು. ಅವರು ಕೂರುವುದು ಮಲಗಿದವರ ತಲೆಯ ಹತ್ತಿರ, ನರ್ಸು ನಿಲ್ಲುವುದು ಎದುರಿಗೆ, ಮಲಗಿದವರ ಎಡ ಬಲ ಬೇರೆಯೇ. ತೆಗೆದ ಚರ್ಮದ ತುಂಡು ಉಗುರಿನಷ್ಟು. ಒಮ್ಮೆ ಮೈಯಿಂದ ಬಿಡಿಸಿದರೆ ಅದಕ್ಕೆ ತಲೆಯೂ ಇಲ್ಲ, ಕಾಲೂ ಇಲ್ಲ. ಯಾವ ಅಂಚು ಯಾವ ಕಡೆಯದೆಂದು ತಪ್ಪಿತೋ, ಬೇರು ಒಂದು ಕಡೆ ಇರುತ್ತದೆ, ಇವರು ಇನ್ನೊಂದು ಕಡೆ ಕತ್ತರಿಸುತ್ತಾರೆ.

ಅವ್ವ ಮಲಗಿದಲ್ಲಿಂದಲೇ ತಲೆಯಾಡಿಸಿದಳು. "ನಮ್ ತೋಟದಲ್ಲಿ ಬೋರರ್ ಗಿಡ ಕಿತ್ತಂಗೆ ಆಯ್ತದೆ ಅನ್ನಿ."

ಆ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಒಂದು ವರ್ಷ ಬೋರರ್ ಹುಳ ಬಂದು ಕಾಫಿ ಗಿಡಗಳ ಕಾಂಡ ಕೊರೆದಿತ್ತು. ಅಪ್ಪ ಮೇಲಿನ ರಸ್ತೆಯ ಕಡೆಯಿಂದ ಸಾಲು ಎಣಿಸಿ, ಇಂತಿಂಥ ಸಾಲು ಕಿತ್ತು ಸುಡಬೇಕು ಅಂತ ಆಳುಗಳಿಗೆ ಬಾಯಲ್ಲೇ ಹೇಳಿ ಹಾಸನಕ್ಕೆ ಹೋದ. ಆಳುಗಳು ಬೆಳಿಗ್ಗೆ ತಮ್ಮ ಲೈನ್ ಮನೆಗಳಿಂದ ಬಂದದ್ದು ಹಳ್ಳದ ಕಡೆಯಿಂದ. ಕೆಳಗಿನಿಂದ ಎಣಿಸಿಕೊಂಡು ಹತ್ತಿದರು. ಅಪ್ಪ ವಾಪಸು ಬರುವಷ್ಟರಲ್ಲಿ ಫಸಲಿಗೆ ಬಂದ ಗಟ್ಟಿ ಗಿಡಗಳೆಲ್ಲ ಕಿತ್ತು ಬಿದ್ದಿದ್ದವು, ಹುಳ ಹಿಡಿದವು ನೆಟ್ಟಗೆ ನಿಂತಿದ್ದವು. ಬೈಯಲು ಯಾರದೂ ತಪ್ಪಿರಲಿಲ್ಲ. ಎಣಿಸುವುದನ್ನು ಎರಡೂ ಕಡೆಯವರು ಸರಿಯಾಗಿಯೇ ಎಣಿಸಿದ್ದರು.

ಡಾಕ್ಟರಮ್ಮ ಇದನ್ನು ಕೇಳಿ ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. "ನನಗೆ ಯಾವಾಗಲೂ ಅದೇ ಹೆದರಿಕೆ ಅಮ್ಮಾ" ಅಂದರು.

ಆಪರೇಷನ್ನಿನ ದಿನ ಅವ್ವ ನಾನಿಲ್ಲದೆ ಒಳಗೆ ಹೋಗುವುದಿಲ್ಲವೆಂದು ಹಟ ಹಿಡಿದಳು. ಪ್ರಜ್ಞೆ ತಪ್ಪಿಸುವುದಿಲ್ಲ, ಆ ಜಾಗ ಮಾತ್ರ ಮರಗಟ್ಟಿಸುತ್ತೇವೆ, ಮಗಳು ಗೌನು ಹಾಕಿಕೊಂಡು ಕಾಲಿನ ಹತ್ತಿರ ಕೂತಿರಲಿ ಅಂತ ಡಾಕ್ಟರಮ್ಮ ಒಪ್ಪಿದರು. ಆ ಹಸಿರು ಗೌನಿನಲ್ಲಿ ನನ್ನನ್ನು ನೋಡಿ ಅವ್ವ, "ಜೋಳದ ಹೊಲದ ಬೆದರುಗೊಂಬೆ ಕಣೆ ನೀನು" ಅಂದಳು. ಭಯವಾದಾಗ ಅವಳಿಗೆ ಬಾಯಿ ಜಾಸ್ತಿ.

"ಇನ್ನು ಮಾತು ಬೇಡ ಅಮ್ಮಾ. ತಲೆ ಒಂಚೂರೂ ಅಲ್ಲಾಡಬಾರದು" ಅಂದರು ಡಾಕ್ಟರಮ್ಮ.

"ಒಂದ್ಸಲ ಅಲ್ಲಾಡಿ ಜೀವಮಾನ ಪೂರ್ತಿ ಅನುಭವಿಸಿದೀನಿ ಕಣವ್ವ, ಇನ್ನು ಅಲ್ಲಾಡಕಿಲ್ಲ" ಅಂದು ಅವ್ವ ಬಾಯಿ ಮುಚ್ಚಿದಳು. ಅವಳ ಕಾಲು ನನ್ನ ಕೈಯಲ್ಲಿತ್ತು, ತಣ್ಣಗಿತ್ತು.

ಮೊದಲ ಪದರ ತೆಗೆದರು. ತೆಗೆಯುವ ಮೊದಲು ಕಣ್ಣಿನ ಕಡೆ ಒಂದು, ತುಟಿಯ ಕಡೆ ಒಂದು ಸಣ್ಣ ಗೀರು ಎಳೆದರು. ಗೀರಿನ ಅರ್ಧ ತುಂಡಿನ ಮೇಲೆ, ಅರ್ಧ ಮುಖದ ಮೇಲೆ ಉಳಿಯುವಂತೆ, ತುಂಡು ಎಲ್ಲಿ ಕೂರುತ್ತದೆಂದು ಆಮೇಲೆ ತಿಳಿಯಲಿಕ್ಕೆ. ತುಂಡನ್ನು ಒಂದು ತಟ್ಟೆಯಲ್ಲಿ ಮಲಗಿಸಿ ಪಕ್ಕದ ಲ್ಯಾಬಿನ ಟೆಕ್ನಿಷಿಯನ್ ಕೈಗೆ ಕೊಟ್ಟರು. ನಡುವಯಸ್ಸಿನ, ಮಾತು ಕಡಿಮೆಯ ಗಂಡಸು. ಅವರು ಒಯ್ದು, ಕಣ್ಣಿನ ಕಡೆಯ ಅಂಚಿಗೆ ಕೆಂಪು ಬಣ್ಣ, ತುಟಿಯ ಕಡೆಯ ಅಂಚಿಗೆ ನೀಲಿ ಬಣ್ಣ ಹಚ್ಚಿ, ತುಂಡನ್ನು ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಸಿ, ತೆಳ್ಳಗೆ ಹೆರೆದು ಗಾಜಿನ ಮೇಲೆ ಇಡುತ್ತಾರೆ. ಅದನ್ನು ಡಾಕ್ಟರಮ್ಮನೇ ಹೋಗಿ ನೋಡುತ್ತಾರೆ. ಅಲ್ಲಿಯವರೆಗೆ ನಾವು ಕಾಯಬೇಕು. ಅವ್ವ ಮುಖಕ್ಕೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದಳು, ಅಪ್ಪ ಊಟ ಮಾಡಿದನೋ ಇಲ್ಲವೋ ಅಂತ ಎರಡೆರಡು ಸಲ ಕೇಳಿದಳು.

ಡಾಕ್ಟರಮ್ಮ ಲ್ಯಾಬಿನಿಂದ ಬಂದರು.

"ಕಣ್ಣಿನ ಕಡೆ ಬೇರು ಉಳಿದಿದೆ ಅಮ್ಮಾ. ಕೆಂಪು ಅಂಚಿಗೆ ತಾಗಿಯೇ ಉಂಟು. ಇನ್ನೊಂದು ಪದರ ತೆಗೀಬೇಕು. ರೆಪ್ಪೆಯ ಮೂಲೆ, ಕಣ್ಣೀರು ಇಳಿಯುವ ನಾಳ ಅದರಲ್ಲಿ ಹೋಗ್ತದೆ. ಬಿಟ್ಟರೆ ಅದು ಒಳಗೆ ಕಣ್ಣಿನ ಗುಳಿಗೇ ಇಳೀತದೆ."

ನನ್ನ ಕೈಯಲ್ಲಿದ್ದ ಅವ್ವನ ಕಾಲಿನ ಬೆರಳುಗಳು ಮುದುಡಿಕೊಂಡವು. ಅಯ್ಯೋ ಶಿವನೇ, ಮಲೆಯಲ್ಲಿ ಹುಟ್ಟಿ ಬೆಳೆದು ಏನೇನೋ ಸಹಿಸಿದವಳು, ಅವಳಿಗೆ ಇದೊಂದು ಬೇಡವಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ. ಅವ್ವ, "ಆಗ್ಲಿ, ಮಾಡ್ರವ್ವ. ಒಂದು ಕಣ್ಣಾದ್ರೂ ಇರ್ತದಲ್ಲ" ಅಂದಳು.

ಮತ್ತೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಪಟ್ಟಿ ಬಿಚ್ಚಿದರು. ದೀಪವನ್ನು ಹತ್ತಿರಕ್ಕೆ ಎಳೆದರು. ಡಾಕ್ಟರಮ್ಮ ಎಂದಿನಂತೆ ಜೋರಾಗಿ ಹೇಳಿದರು: "ಕಣ್ಣಿನ ಕಡೆ." ನರ್ಸು ಒಪ್ಪಿಸಿದಳು: "ಕಣ್ಣಿನ ಕಡೆ." ಡಾಕ್ಟರಮ್ಮ ಕತ್ತಿ ಎತ್ತಿಕೊಂಡರು. ಚಿತ್ರದ ಹಾಳೆಯನ್ನು ಒಮ್ಮೆ ನೋಡಿದರು, ಅವ್ವನ ಮುಖವನ್ನು ಒಮ್ಮೆ ನೋಡಿದರು. ಮತ್ತೆ ಹಾಳೆ. ಮತ್ತೆ ಮುಖ.

ಕತ್ತಿಯನ್ನು ಕೆಳಗಿಟ್ಟರು.

"ಏನಾಯ್ತು ಡಾಕ್ಟ್ರೇ?" ಅಂದೆ. ನನ್ನ ದನಿ ಸಿಡಿದ ಹಾಗೆ ಬಂತು. ಮಾಡುವುದಾದರೆ ಬೇಗ ಮಾಡಿ ಮುಗಿಸಬಾರದೇ, ಅವ್ವನನ್ನು ಹೀಗೆ ಕಾಯಿಸಿ ಕಾಯಿಸಿ ಕೊಲ್ಲಬೇಕೇ ಅನ್ನಿಸಿತು.

ಅವರು ಮತ್ತೆ ಹಾಳೆಯ ಮೇಲೆ ಬಗ್ಗಿದರು. ತಮಗೆ ತಾವೇ ಹೇಳಿಕೊಳ್ಳುವ ಹಾಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಅಮ್ಮನ ಹಚ್ಚೆ ಚುಕ್ಕಿ ಅರ್ಧ ಇಲ್ಲೇ ಮುಖದ ಮೇಲೆ ಉಳಿದಿದೆ, ತುಟಿಯ ಕಡೆ. ಇನ್ನರ್ಧ ತುಂಡಿನ ಜೊತೆ ಬಂದಿದೆ. ಗಾಜಿನಲ್ಲಿ ನಾನು ಕಪ್ಪು ಮಸಿಯ ಕಣಗಳನ್ನು ನೋಡಿದ್ದೇನೆ. ಬೇರಿನ ಪಕ್ಕದಲ್ಲೇ ಇತ್ತು. ಕೆಂಪು ಅಂಚಿನಲ್ಲಿ." ಸ್ವಲ್ಪ ನಿಲ್ಲಿಸಿ, "ಕೆಂಪು ಕಣ್ಣಿನ ಕಡೆ. ಹಾಗಾದರೆ ಕೆಳಗಿನ ಹಚ್ಚೆ ಮೇಲೆ ಹೇಗೆ ಹೋಯ್ತು?" ಅಂದರು.

ಅವರು ಎದ್ದು ಲ್ಯಾಬಿಗೆ ಹೋದರು.

ಗಾಜನ್ನು ಮತ್ತೆ ನೋಡಿದರಂತೆ. ಆ ಮಸಿ ಗಂಟಿನದೇ ಕಪ್ಪು ಬಣ್ಣ ಇರಬಹುದೇ ಅಂತ ಪರೀಕ್ಷಿಸಿದರಂತೆ. ಅಲ್ಲ, ಅದು ಹೊರಗಿನಿಂದ ಸೂಜಿಯಲ್ಲಿ ಇಳಿಸಿದ ಮಸಿಯೇ, ಮೇಲಿನಿಂದ ಹಸಿರಾಗಿ ಕಂಡರೂ ಒಳಗೆ ಕಪ್ಪೇ, ಚರ್ಮದ ಆಳದಲ್ಲಿ ದಪ್ಪ ಕಣಗಳಾಗಿ ಕೂತಿದೆ. ಆಮೇಲೆ ಟೆಕ್ನಿಷಿಯನ್ನನ್ನು ಕರೆದು, ತಟ್ಟೆ ಕೈಗೆ ಬಂದಾಗಿನಿಂದ ಬಣ್ಣ ಹಚ್ಚುವವರೆಗೆ ಏನೇನು ಮಾಡಿದಿರಿ, ಹಾಗೇ ಮಾಡಿ ತೋರಿಸಿ ಅಂದರಂತೆ. ಅವರು ತೋರಿಸಿದರು. ಡಾಕ್ಟರಮ್ಮನ ಎದುರು ನಿಂತು ತಟ್ಟೆ ತೆಗೆದುಕೊಂಡವರು, ಲ್ಯಾಬಿನ ಮೇಜಿನ ಆಚೆ ಬದಿಗೆ ಹೋಗಿ ಕೂರುವಾಗ ತಟ್ಟೆ ಅರ್ಧ ಸುತ್ತು ತಿರುಗಿತ್ತು. ತುಂಡಿನ ಮೇಲೆ ಎರಡು ಗೀರಿದ್ದವು, ನಿಜ. ಆದರೆ ಮೇಲೊಂದು ಕೆಳಗೊಂದು, ಎರಡೂ ಒಂದೇ ಥರ. ತಿರುಗಿದ ತುಂಡು ತಿರುಗದ ಹಾಗೆಯೇ ಕಾಣುತ್ತಿತ್ತು. ಕೆಂಪು ಹಚ್ಚಬೇಕಾದಲ್ಲಿ ನೀಲಿ, ನೀಲಿ ಹಚ್ಚಬೇಕಾದಲ್ಲಿ ಕೆಂಪು.

ಅವರು ವಾಪಸು ಬಂದಾಗ ಟೆಕ್ನಿಷಿಯನ್ ಹಿಂದೆಯೇ ಬಂದು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಡಾಕ್ಟರಮ್ಮ ಅವ್ವನ ತಲೆಯ ಹತ್ತಿರ ಕೂತು, ಮುಚ್ಚುಮರೆಯಿಲ್ಲದೆ ಎಲ್ಲವನ್ನೂ ಹೇಳಿದರು. "ತುಂಡು ತಿರುಗಿ ಹೋಗಿತ್ತು ಅಮ್ಮಾ. ಇವರದ್ದಲ್ಲ, ತಪ್ಪು ನನ್ನದು. ಮೇಲೆ ಕೆಳಗೆ ಒಂದೇ ಥರ ಗೀರು ಹಾಕಿ ಕೊಟ್ಟದ್ದು ನಾನು. ಬೇರು ಉಳಿದಿರುವುದು ಕಣ್ಣಿನ ಕಡೆ ಅಲ್ಲ, ತುಟಿಯ ಕಡೆ. ಕಣ್ಣಿನ ಕಡೆ ಪೂರ್ತಿ ಚೊಕ್ಕವಾಗಿದೆ."

ನನಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ. ಅವ್ವನಿಗೆ ಆಯಿತು. ತಲೆ ಅಲ್ಲಾಡಿಸದೆ, ತುಟಿಯಷ್ಟೇ ಅಲುಗಿಸಿ ಕೇಳಿದಳು: "ಹಳ್ಳದ ಕಡೆಯಿಂದ ಎಣಿಸಿಬುಟ್ರಾ ಡಾಕ್ಟ್ರಮ್ಮ?"

"ಹೌದಮ್ಮಾ, ಹಳ್ಳದ ಕಡೆಯಿಂದಲೇ ಎಣಿಸಿದ್ದು" ಅಂದರು ಅವರು. ನಗು ಬಂತು, ಅದರ ಜೊತೆಗೇ ಅವರ ಕಣ್ಣಲ್ಲಿ ನೀರೂ ಬಂತು. ಕೈಗೆ ಗ್ಲೌಸ್ ಇದ್ದದ್ದರಿಂದ ನರ್ಸು ಅವರ ಕಣ್ಣು ಒರೆಸಿದಳು.

ನಾನು ಜೀವನದಲ್ಲಿ ಬೇಕಾದಷ್ಟು ಓದಿದವರನ್ನು ನೋಡಿದ್ದೇನೆ. ತಪ್ಪಾದರೆ ಕೆಳಗಿನವರ ತಲೆಗೆ ಕಟ್ಟುವವರನ್ನು ನಮ್ಮ ಇಲಾಖೆಯಲ್ಲೇ ಸಾಲಾಗಿ ನಿಲ್ಲಿಸಿ ತೋರಿಸಬಲ್ಲೆ. ಇವರು ಹೇಳದೇ ಇದ್ದಿದ್ದರೆ ನಮಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಸುಮ್ಮನೆ ತುಟಿಯ ಕಡೆ ಕತ್ತರಿಸಿ, ದೇವರ ದಯೆ, ಕಣ್ಣು ಉಳಿಯಿತು ಅಂದಿದ್ದರೆ ಕೈ ಮುಗಿದು ಬರುತ್ತಿದ್ದೆವು. ಅದಕ್ಕಿಂತ ದೊಡ್ಡದು, ಕತ್ತಿ ಎತ್ತಿದ ಕೈಯನ್ನು ಕೆಳಗಿಳಿಸಿದ್ದು. ಎಲ್ಲರೂ ಕಾಯುತ್ತಿದ್ದಾರೆ, ಮಗಳು ಸಿಡಿಮಿಡಿ ಮಾಡುತ್ತಿದ್ದಾಳೆ, ನಕ್ಷೆ ಕಣ್ಣೆದುರೇ ಇದೆ, ನರ್ಸು ಒಪ್ಪಿಸಿದ್ದೂ ಆಗಿದೆ. ಆಗಲೂ ಒಂದು ಹಸಿರು ಚುಕ್ಕಿ ತಾಳೆಯಾಗಲಿಲ್ಲವೆಂದು ನಿಲ್ಲಿಸುವುದಕ್ಕೆ ಎಂಥ ಎದೆ ಬೇಕು! ನನ್ನ ಸಿಟ್ಟೆಲ್ಲ ಅವತ್ತು ಆ ಹೆಂಗಸಿನ ಮುಂದೆ ಮಣ್ಣಾಯಿತು. ಆ ಚಿತ್ರದ ಹಾಳೆಗೆ ಮನಸ್ಸಿನಲ್ಲೇ ಕೈ ಮುಗಿದೆ.

ಆಮೇಲಿನದು ಬೇಗ ಮುಗಿಯಿತು. ತುಟಿಯ ಕಡೆ ಇನ್ನೊಂದು ತೆಳು ಪದರ ತೆಗೆದರು. ಈ ಸಲ ಕಣ್ಣಿನ ಕಡೆಗೆ ಎರಡು ಗೀರು, ತುಟಿಯ ಕಡೆಗೆ ಒಂದು; ತಟ್ಟೆ ಯಾರ ಕೈಗೂ ಹೋಗುವ ಮೊದಲೇ, ಅವ್ವನ ಮುಖದ ಪಕ್ಕದಲ್ಲೇ ಹಿಡಿದು ತಾವೇ ಬಣ್ಣ ಹಚ್ಚಿದರು. ಮತ್ತೆ ಕಾಯ್ದೆವು. ಲ್ಯಾಬಿನಿಂದ ಅವರು ಬರುವಾಗ ಮೊದಲೇ ಹೆಬ್ಬೆರಳು ಎತ್ತಿ ತೋರಿಸಿದರು. ಎಲ್ಲ ಅಂಚೂ ಚೊಕ್ಕ. ಕೆನ್ನೆಯ ಚರ್ಮವನ್ನು ಸ್ವಲ್ಪ ಎಳೆದು ಹೊಲಿಗೆ ಹಾಕಿದರು. ಚುಕ್ಕಿಯ ಉಳಿದರ್ಧವೂ ಆ ಎರಡನೇ ಪದರದ ಜೊತೆ ಹೋಯಿತು.

ಹೊಲಿಗೆ ಬಿಚ್ಚುವಾಗ ಡಾಕ್ಟರಮ್ಮ, "ಆ ಹಚ್ಚೆ ಹುಯ್ದ ಹೆಂಗಸು ಬದುಕಿದ್ದರೆ ಹೋಗಿ ಕಾಲಿಗೆ ಬೀಳ್ತಿದ್ದೆ ಅಮ್ಮಾ. ಅಷ್ಟು ಸರಿಯಾದ ಜಾಗದಲ್ಲಿ ಹಾಕಿದ್ದಾಳೆ" ಅಂದರು.

"ಸರ್ಯಾದ ಜಾಗ ಎಲ್ಲಿ ಬಂತು? ಅವಳು ಕೆನ್ನೆ ಮೇಲೇ ಹಾಕಕ್ಕೆ ಬಂದ್ಲು ಕಣವ್ವ. ತಲೆ ಒದ್ರಿದ್ದು ನಾನು" ಅಂದಳು ಅವ್ವ. ಆಗ ಜಗಲಿಯ ಕಥೆ ಪೂರ್ತಿ ಹೊರಗೆ ಬಂತು. ಡಾಕ್ಟರಮ್ಮ ಹೊಲಿಗೆಯ ಚಿಮಟ ಹಿಡಿದುಕೊಂಡೇ ಕೇಳಿದರು. ಚಿಕ್ಕಮ್ಮನ ಹಾಗೆ ಅವ್ವನೂ ಅಲ್ಲಾಡದೆ ಕೂತಿದ್ದರೆ ಚುಕ್ಕಿ ಕೆನ್ನೆಯ ನಡುವೆ ಚೆಂದವಾಗಿ ಇರುತ್ತಿತ್ತು, ಕತ್ತಿಯ ದಾರಿಗೆ ಸಿಗುತ್ತಲೇ ಇರಲಿಲ್ಲ.

ಊರಿಗೆ ಬಂದಾಗ ಅಪ್ಪ ಕೈಯಾಡಿಸಿ ಅವ್ವನ ಮುಖ ನೋಡಿದ. ರೆಪ್ಪೆಯ ಮೇಲೆ, ಕಣ್ಣಿನ ಮೂಲೆಯಲ್ಲಿ ಬೆರಳು ನಿಧಾನವಾಗಿ ಹೋಯಿತು. ಆಮೇಲೆ ಮೂಗಿನ ಸಂದಿಗೆ ಬಂದು ನಿಂತಿತು. "ಮಸಿ ಹೋಯ್ತೇನೆ?" ಅಂದ.

"ಹೋಯ್ತು. ನೀವು ಮದ್ವೆ ಮಾರ್ನೇ ದಿನ ಒರ್ಸಿದ್ದು ಈಗ ಹೋಯ್ತು" ಅಂದಳು ಅವ್ವ. ಅಪ್ಪ ನಗಲಿಲ್ಲ. ಅವನಿಗೆ ಅಳು ಬಂದಿತ್ತು.

ಆಮೇಲೆ ಎಷ್ಟೋ ವರ್ಷ, ಆಗಾಗ ತೋರಿಸಿಕೊಂಡು ಬರಲು ಘಟ್ಟ ಇಳಿಯುತ್ತಿದ್ದೆವು. ಒಮ್ಮೆ, ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು, ಅವ್ವ ಸೀದಾ ಹೋಗಿ ದೀಪದಡಿ ಕೂತಳು. ಡಾಕ್ಟರಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದವರು ಹಾಗೇ ನಿಂತುಬಿಟ್ಟರು. ಅವರ ಮುಖದ ಬಣ್ಣ ಇಳಿದದ್ದು ನನಗೆ ಕಂಡಿತು. ನಾನೂ ಬಗ್ಗಿ ನೋಡಿದೆ. ಗಾಯದ ಗೆರೆಯ ಮೇಲೆ, ಮೂಗಿನ ಬುಡದಲ್ಲಿ, ಕಪ್ಪಗೆ ಒಂದು ಬೊಟ್ಟು. ಬಸ್ಸಿನಲ್ಲಿ ಅವ್ವ ಸೆರಗು ಮುಚ್ಚಿಕೊಂಡು ಕೂತಿದ್ದರಿಂದ ನನಗೆ ಕಂಡಿರಲಿಲ್ಲ.

ಡಾಕ್ಟರಮ್ಮ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮೆಲ್ಲಗೆ ಒತ್ತಿದರು. ಹತ್ತಿ ಕಪ್ಪಗಾಯಿತು. ಚರ್ಮ ಚೊಕ್ಕವಾಗಿ ಬಿಳಿಚಿಕೊಂಡು ಹೊರಬಂತು. ಕಾಡಿಗೆ!

"ಎಂತ ಅಮ್ಮಾ ಇದು? ನನ್ನ ಜೀವ ಹೋಗಿತ್ತು" ಅಂದರು ಅವರು, ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟು.

"ಇವತ್ತು ನಿಮ್ಮತ್ರ ಬರೋದಿತ್ತಲ್ಲ ಅಂತ ಬೆಳಿಗ್ಗೆ ನಾನೇ ಇಟ್ಕೊಂಡೆ ಕಣವ್ವ" ಅಂದಳು ಅವ್ವ. ಎರಡೂ ಕಣ್ಣು ಅರಳಿಸಿ ಅವರನ್ನೇ ನೋಡುತ್ತಾ, "ಅದಿಲ್ದಿದ್ರೆ ನಿಮಗೆ ದಾರಿ ತಪ್ಪೋಯ್ತದಲ್ಲ" ಅಂದಳು.

ಡಾಕ್ಟರಮ್ಮ ಕಪ್ಪಾದ ಹತ್ತಿಯನ್ನು ಬುಟ್ಟಿಗೆ ಹಾಕಿದರು. ಆಮೇಲೆ ಡ್ರಾಯರು ಎಳೆದು ಹಸಿರು ಪೆನ್ನು ತೆಗೆದು ಅವ್ವನ ಮೂಗಿನ ಹತ್ತಿರ ಬಗ್ಗಿದರು. ಅವ್ವ ಎಡಗೆನ್ನೆ ತಿರುಗಿಸಿ, ಒಂಚೂರೂ ಅಲ್ಲಾಡದೆ ಕೂತಳು.